ಸಾಳಿ ಪಾಸ್‌ಬುಕ್ಕಿನ ಮೇಲೆ ಸಹಿ ಯಾರದು?



ಮಾರ್ಚ್ ತಿಂಗಳ ಕೊನೇ ವಾರ ಬ್ಯಾಂಕಿನ ಕೌಂಟರಿನಲ್ಲಿ ಕೂತು ನೋಡಬೇಕು. ಸರ್ಕಾರದ ರೊಕ್ಕ ಖರ್ಚು ಮಾಡುವವರೆಲ್ಲ ಅವತ್ತೇ ಬರ್ತಾರೆ. ಗುತ್ತಿಗೆದಾರರು, ಅಂಗನವಾಡಿ ಬಾಯಾರು, ಸಾಳಿ ಗುರುಗಳು. ಕೈಯಲ್ಲಿ ಕಾಗದದ ಕಟ್ಟು, ಹಣೆ ಮೇಲೆ ಬೆವರು.

ಹಿಂದೊಂದು ವರ್ಷ ಹಿಂಗೇ ಒಬ್ಬ ಗುರುಗಳು ಬಂದರು. ಗಡಿ ಭಾಗದ ಒಂದು ಕನ್ನಡ ಮಾಧ್ಯಮ ಸಾಳಿ. ಊರಿನ ಹೆಸರು ಬರೆಯೋದಿಲ್ಲ, ಗುರುಗಳಿಗೆ ತೊಂದರೆ ಬೇಡ. ಸಾಳಿಗೆ ಬಂದ ಅನುದಾನದ್ದು ಪೇಮೆಂಟ್ ಅಡ್ವೈಸ್ ಕೈಯಲ್ಲಿತ್ತು. ಶೌಚಾಲಯದ ಬಾಗಿಲು, ನಳ, ಒಂದು ನೀರಿನ ಟಾಕಿ, ಇಷ್ಟಕ್ಕೆ. ನಾನು ಸಹಿ ತಾಳೆ ನೋಡಿದೆ. ನಮ್ಮ ದಾಖಲೆಯಲ್ಲಿ ಇದ್ದ ಎರಡು ಸಹಿಯಲ್ಲಿ ಒಂದೂ ಹೊಂದಲಿಲ್ಲ. ಹಳೇ ಮುಖ್ಯಾಧ್ಯಾಪಕರು ಬದಲಿಯಾಗಿ ಬೇರೆ ತಾಲೂಕಿಗೆ ಹೋಗಿದ್ದರು. ಸಮಿತಿ ಅಧ್ಯಕ್ಷರ ಮಗಳು ಏಳನೇ ಇಯತ್ತೆ ಮುಗಿಸಿ ಹೈಸ್ಕೂಲಿಗೆ ಹೋಗಿದ್ದಳು. ಮಗಳು ಸಾಳಿ ಬಿಟ್ಟ ಮೇಲೆ ಅಪ್ಪ ಪಾಲಕ ಸದಸ್ಯ ಅಲ್ಲ. ಹೊಸ ಸಮಿತಿ ಆಗಿರಲಿಲ್ಲ. ಈ ಗುರುಗಳು ಪ್ರಭಾರಿ, ಅದೂ ಬಾಯಿ ಮಾತಿನ ಪ್ರಭಾರ. ಸಹಿ ಬದಲಿಗೆ ಠರಾವು ಬೇಕು, ಠರಾವಿಗೆ ಸಮಿತಿ ಬೇಕು, ಸಮಿತಿಗೆ ಪಾಲಕ ಸಭೆ ಬೇಕು. ಮಾರ್ಚ್ 31ಕ್ಕೆ ಎರಡು ದಿನ ಉಳಿದಿತ್ತು.

"ಸರ, ಇವತ್ತ ಆಗಲಿಲ್ಲಂದ್ರ ರೊಕ್ಕ ತಿರುಗಿ ಹೋಗ್ತದರಿ" ಅಂದರು. ಪಕ್ಕದ ಕೌಂಟರಿನವರ ಜೊತೆ ಮರಾಠಿ ಮಾತಾಡಿದವರು ನನ್ನ ಜೊತೆ ಕನ್ನಡದಲ್ಲಿ ಅಂದರು. ನಾನು ಕಾಗದ ತಿರುಗಿ ಕೊಟ್ಟೆ. ನಿಯಮ ಅದೇ ಇತ್ತು, ಇವತ್ತು ಬಂದರೂ ಅದನ್ನೇ ಮಾಡ್ತೀನಿ. ಅವರು ಕಾಗದವನ್ನ ನಾಲ್ಕು ಮಡಿಕೆ ಮಾಡಿ ಅಂಗಿ ಕಿಸೆಯಲ್ಲಿಟ್ಟುಕೊಂಡು ಹೋದರು. ರೊಕ್ಕ ತಿರುಗಿ ಹೋಯ್ತು.

ನಮ್ಮ ಪುಟದಲ್ಲಿ ಕನ್ನಡ ಶಿಕ್ಷಕರ ಖಾಲಿ ಹುದ್ದೆ ಬಗ್ಗೆ ಎಷ್ಟು ಸಲ ಬರೆದಿದ್ದೇವೆ, ಲೆಕ್ಕ ಇಲ್ಲ. ಪುಸ್ತಕ ತಡ ಆದಾಗ ಬರೆದಿದ್ದೇವೆ, ನಾಮಫಲಕದ ಬಗ್ಗೆ ಬರೆದಿದ್ದೇವೆ. ಸಾಳಿ ನಡೆಸುವ ಕುರ್ಚಿಯಲ್ಲಿ ಯಾರು ಕೂಡ್ತಾರೆ, ಎಷ್ಟು ದಿನ ಕೂಡ್ತಾರೆ, ಎದ್ದು ಹೋಗುವಾಗ ಮುಂದಿನವರಿಗೆ ಏನು ಒಪ್ಪಿಸಿ ಹೋಗ್ತಾರೆ, ಇದರ ಬಗ್ಗೆ ಒಂದು ಸಾಲೂ ಬರೆದಿಲ್ಲ. ನಾನೂ ಬರೆದಿಲ್ಲ. ಅವತ್ತಿನಿಂದ ಅದು ತಲೆಯಲ್ಲಿ ಕೊರೀತಾ ಇದೆ.

ಮೊದಲು ಒಂದು ಪ್ರಶ್ನೆ. ಸಾಳಿ ಯಾರದು? ಹುಪರಿಯ ಯಾವ ಕಟ್ಟೆ ಮೇಲೆ ಕೇಳಿದರೂ "ಸರ್ಕಾರದ್ದು" ಅಂತಾರೆ. ಅಷ್ಟು ಸರಳ ಇಲ್ಲ. ಸಂವಿಧಾನದ 350ಎ ಕಲಮು 1956ರಲ್ಲಿ, ಭಾಷಾವಾರು ರಾಜ್ಯಗಳಾದಾಗ, ಏಳನೇ ತಿದ್ದುಪಡಿಯಿಂದ ಬಂತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿಭಾಷೆಯಲ್ಲಿ ಕಲಿಸುವ ಅನುಕೂಲ ಮಾಡಿಕೊಡಬೇಕು ಅಂತ ಅದು ಹೇಳುತ್ತದೆ. ಯಾರು ಮಾಡಿಕೊಡಬೇಕು? ರಾಜ್ಯ, ಮತ್ತು ರಾಜ್ಯದೊಳಗಿನ ಪ್ರತಿಯೊಂದು ಸ್ಥಳೀಯ ಪ್ರಾಧಿಕಾರ. ನಾವು ನಿವೇದನೆ ಕೊಡಲು ಮುಂಬೈಗೆ ಹೋಗ್ತೀವಿ, ಬೆಂಗಳೂರಿಗೂ ಹೋಗ್ತೀವಿ. ಕಲಮಿನಲ್ಲಿ ಹೆಸರು ಬಂದ ಸ್ಥಳೀಯ ಪ್ರಾಧಿಕಾರದ ಬಾಗಿಲು ಮಾತ್ರ ತಟ್ಟೋದಿಲ್ಲ. ಅದು ನಡೆದು ಹೋಗುವಷ್ಟು ಹತ್ತಿರ ಇದೆ.

ಆ ಬಾಗಿಲು ಯಾವುದು ಅನ್ನೋದೇ ನಮ್ಮಂಥ ಊರಲ್ಲಿ ಗೊಂದಲ. ಹುಪರಿಗೆ 2017ರಲ್ಲಿ ಗ್ರಾಮ ಪಂಚಾಯತಿ ಹೋಗಿ ನಗರಪರಿಷತ್ತು ಬಂತು. ಚಾಂದಿ ಪೇಟೆ ಬೆಳೆದಿತ್ತು, ಊರು ದೊಡ್ಡದಾಗಿತ್ತು, ಬರಬೇಕಾದ್ದೇ. ಆದರೆ ಹಿಂಗೆ ಹೊಸದಾಗಿ ನಗರ ಆದ ಊರುಗಳಲ್ಲಿ ರಸ್ತೆ, ನೀರು, ಗಟಾರ ಪರಿಷತ್ತಿಗೆ ಬರ್ತವೆ, ಪ್ರಾಥಮಿಕ ಸಾಳಿ ಮಾತ್ರ ಸಾಮಾನ್ಯವಾಗಿ ಜಿಲ್ಲಾ ಪರಿಷತ್ತಿನ ಕೈಯಲ್ಲೇ ಉಳೀತದೆ. ಮನೆಪಟ್ಟಿ ಕಟ್ಟೋದು ಒಂದು ಕಡೆ, ಗುರುಗಳ ಬದಲಿ ಆಗೋದು ಇನ್ನೊಂದು ಕಡೆ. ನಗರಸೇವಕರಿಗೆ ಕೇಳಿದರೆ "ಅದು ಜಿಲ್ಲಾ ಪರಿಷದೇಕಡೆ" ಅಂತಾರೆ. ನಗರದ ಮತದಾರ ಜಿಲ್ಲಾ ಪರಿಷತ್ತಿಗೆ ಮತ ಹಾಕೋದಿಲ್ಲ. ಅಂದರೆ ನಮ್ಮ ಮಕ್ಕಳ ಸಾಳಿ ನಡೆಸುವ ಸಂಸ್ಥೆಗೆ ನಮ್ಮ ಮತವೇ ಇಲ್ಲ! ಈ ತಿರುವು ನನಗೂ ತಿಳಿದದ್ದು ತಡವಾಗಿ, ಬಿ.ಕಾಂ.ನಲ್ಲಿ ಯಾರೂ ಕಲಿಸಿರಲಿಲ್ಲ.

ಕೊಲ್ಹಾಪುರದಂಥ ಹಳೇ ನಗರಗಳ ಲೆಕ್ಕ ಬೇರೆ. ಅಲ್ಲಿ ಮಹಾನಗರಪಾಲಿಕೆಗೆ ತನ್ನದೇ ಸಾಳಿಗಳಿವೆ. ಶಾಹೂ ಮಹಾರಾಜರು 1917ರಲ್ಲೇ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮತ್ತು ಉಚಿತ ಅಂತ ಮಾಡಿದ ಸಂಸ್ಥಾನ ಅದು. 1949ರ ಮಾರ್ಚ್ 1ಕ್ಕೆ ಸಂಸ್ಥಾನ ಮುಂಬೈ ಪ್ರಾಂತದಲ್ಲಿ ವಿಲೀನ ಆದ ಮೇಲೆ 1947ರ ಮುಂಬೈ ಪ್ರಾಥಮಿಕ ಶಿಕ್ಷಣ ಕಾಯ್ದೆ ಇಲ್ಲಿಗೂ ಬಂತು. ಆ ಕಾಯ್ದೆ ಜಿಲ್ಲೆಗೆ ಒಂದು ಸ್ಕೂಲ್ ಬೋರ್ಡ್, ದೊಡ್ಡ ಪುರಸಭೆಗೆ ಒಂದು ಸ್ಕೂಲ್ ಬೋರ್ಡ್ ಕೊಟ್ಟಿತ್ತು. ನಮ್ಮ ಅಜ್ಜಂದಿರು ಮಾಸ್ತರಿಗೆ "ಬೋರ್ಡಿನ ಮಾಸ್ತರ್" ಅಂತಿದ್ದರಲ್ಲ, ಆ ಬೋರ್ಡು ಇದೇ. 1962ರ ಮೇ 1ಕ್ಕೆ ಜಿಲ್ಲಾ ಪರಿಷತ್ತುಗಳು ಬಂದಾಗ ಜಿಲ್ಲೆಯ ಬೋರ್ಡಿನ ಕೆಲಸ ಅಲ್ಲಿಗೆ ಹೋಯ್ತು. ನಗರಗಳಲ್ಲಿ ಶಿಕ್ಷಣ ಮಂಡಳ ಉಳೀತು, 2013ರಲ್ಲಿ ಆ ಕಾಯ್ದೆಯನ್ನೇ ರದ್ದು ಮಾಡೋ ತನಕ. ಶಿಕ್ಷಣ ಹಕ್ಕು ಕಾಯ್ದೆ ಬಂದಿದೆ, ಇನ್ನು ಬೇರೆ ಮಂಡಳ ಯಾಕೆ ಅನ್ನೋದು ಕಾರಣ.

ಮಂಡಳ ಹೋಯ್ತು ಅಂತ ನಾನೇನೂ ಕಣ್ಣೀರು ಹಾಕೋದಿಲ್ಲ. ಗಣವೇಷ ಖರೀದಿ, ಬೆಂಚು ಖರೀದಿ, ಸಭಾಪತಿ ಖುರ್ಚಿಗೆ ವರ್ಷಕ್ಕೊಬ್ಬರ ಪಾಳಿ. ಮಂಡಳ ಅಂದರೆ ಇದೇ ಅನ್ನೋ ಮಾತು ಹಲವು ಊರುಗಳಲ್ಲಿತ್ತು. ಒಂದು ವರ್ಷದಲ್ಲಿ ಸಭಾಪತಿಗೆ ಸಾಳಿಗಳ ಹೆಸರು ಬಾಯಿಪಾಠ ಆಗೋದರೊಳಗೆ ಅವರ ಪಾಳಿ ಮುಗೀತಿತ್ತು. ಆದರೂ ಸಾಳಿ ವಿಷಯ ಬಿಟ್ಟು ಬೇರೇನೂ ಮಾತಾಡಬಾರದು ಅನ್ನೋ ಒಂದು ಸಭೆ ಇತ್ತು, ಅಲ್ಲಿ ಕನ್ನಡದವನೊಬ್ಬ ಹೋಗಿ ಎದ್ದು ನಿಲ್ಲಬಹುದಿತ್ತು. ಅದು ಹೋದ ಮೇಲೆ ಸಾಳಿ ಮಾತು ನೀರು, ಕಸ, ಪಾರ್ಕಿಂಗ್ ಇವುಗಳ ಕೆಳಗೆ ಸೇರಿಕೊಂಡಿತು.

ಅಮೆರಿಕದ ಶಿಕಾಗೋ ನಗರದ ಸುದ್ದಿ ಓದಿದಾಗ ನನಗೆ ಇದೇ ನೆನಪಾಯ್ತು. 1995ರಿಂದ ಅಲ್ಲಿ ಸ್ಕೂಲ್ ಬೋರ್ಡನ್ನ ಮೇಯರ್ ತಾವೇ ನೇಮಿಸ್ತಿದ್ದರು. ಪಾಲಕರು, ಶಿಕ್ಷಕರು ವರ್ಷಗಟ್ಟಲೆ ಜಗಳ ಮಾಡಿ ಕಾನೂನು ಬದಲಾಯಿಸಿದರು, 2024ರ ನವೆಂಬರಿನಲ್ಲಿ ಮೊದಲ ಸಲ ಬೋರ್ಡಿನ ಕೆಲವು ಸ್ಥಾನಗಳಿಗೆ ಜನರೇ ಮತ ಹಾಕಿದರು. ಆಮೇಲೂ ಅಲ್ಲಿ ಜಗಳ ನಿಂತಿಲ್ಲ, ಬೋರ್ಡು ಮತ್ತು ಮೇಯರ್ ಮತ್ತು ಸಾಳಿಗಳ ಮುಖ್ಯಸ್ಥರ ನಡುವೆ. ಆದರೆ ಜಗಳ ಬಯಲಲ್ಲಿ ನಡೀತದೆ. ನಮ್ಮಲ್ಲಿ ಆ ಬಯಲೇ ಇರಲಿಲ್ಲ, ಅದೂ ಕೆಲವು ವರ್ಷಗಳ ತನಕ.

ಯಾಕಂದರೆ ಪ್ರಶಾಸಕರ ಕಾಲ ಬಂತು. ಕೊಲ್ಹಾಪುರ ಮಹಾನಗರಪಾಲಿಕೆಯ ಅವಧಿ 2020ರ ನವೆಂಬರಿನಲ್ಲಿ ಮುಗೀತು. ಜಿಲ್ಲಾ ಪರಿಷತ್ತಿನದು 2022ರ ಮಾರ್ಚಿನಲ್ಲಿ. ಇಚಲಕರಂಜಿ 2022ರಲ್ಲಿ ಮಹಾನಗರಪಾಲಿಕೆ ಆಯ್ತು, ಹುಟ್ಟಿದ್ದೇ ಪ್ರಶಾಸಕರ ಕೈಯಲ್ಲಿ. ಹುಪರಿಯ ಮೊದಲ ಪರಿಷತ್ತು 2017ರ ಡಿಸೆಂಬರಿನಲ್ಲಿ ಚುನಾಯಿತ ಆಗಿ ಐದು ವರ್ಷ ಮುಗಿಸಿತು, ಆಮೇಲೆ ಇಲ್ಲೂ ಅದೇ. ಒಬಿಸಿ ಮೀಸಲಾತಿ ಖಟ್ಲೆ, ಪ್ರಭಾಗ ರಚನೆಯ ಖಟ್ಲೆ, ತಾರೀಖಿನ ಮೇಲೆ ತಾರೀಖು. ಕೊನೆಗೆ ಸುಪ್ರೀಂ ಕೋರ್ಟು 2025ರ ಮೇ 6ರಂದು ಚುನಾವಣೆ ಮಾಡ್ರಿ ಅಂತ ಗಡುವು ಹಾಕಿದ ಮೇಲೆ, 2025ರ ಡಿಸೆಂಬರಿನಲ್ಲಿ ನಗರಪರಿಷತ್ತುಗಳಿಗೆ, 2026ರ ಜನವರಿ 15ಕ್ಕೆ ಮಹಾನಗರಪಾಲಿಕೆಗಳಿಗೆ ಮತದಾನ ಆಯ್ತು. ಕೊಲ್ಹಾಪುರ ನಗರದಲ್ಲಿ ಐದು ವರ್ಷದ ಮೇಲೆ. ಒಂದನೇ ಇಯತ್ತೆಗೆ ಸೇರಿದ ಮಗು ಐದನೇ ಇಯತ್ತೆ ಮುಗಿಸುವ ತನಕ ಸಾಳಿ ಬಗ್ಗೆ ಠರಾವು ಮಾಡುವ ಚುನಾಯಿತ ಮನುಷ್ಯ ಒಬ್ಬನೂ ಇರಲಿಲ್ಲ.

ಪ್ರಶಾಸಕರ ಕಾಲದಲ್ಲಿ ಕೆಲಸ ಆಗಲಿಲ್ಲ ಅಂತ ನಾನು ಹೇಳೋದಿಲ್ಲ. ಕೆಲವು ಅಧಿಕಾರಿಗಳು ಒಳ್ಳೆ ಕೆಲಸ ಮಾಡಿದರು, ಗೋಡೆಗೆ ಬಣ್ಣ ಬಂತು, ಟಿವಿ ಬಂತು. ಬ್ಯಾಂಕಿನವನಾಗಿ ಒಂದು ಮಾತು ಹೇಳ್ತೀನಿ: ಒಬ್ಬರೇ ಮೇಕರ್, ಒಬ್ಬರೇ ಚೆಕರ್ ಆದಾಗ ಕೆಲಸ ಬೇಗ ಆಗ್ತದೆ. ಅದಕ್ಕೇ ಬ್ಯಾಂಕು ಅದನ್ನ ಬಿಡೋದಿಲ್ಲ. ಪ್ರಸ್ತಾಪ ಮಾಡುವವರು, ಮಂಜೂರು ಮಾಡುವವರು, ಖರ್ಚು ಮಾಡುವವರು ಎಲ್ಲ ಒಬ್ಬರೇ ಅಂದರೆ, ಅವರು ಬದಲಿಯಾಗಿ ಹೋದ ದಿನ ಕೇಳಬೇಕಾದ ಪ್ರಶ್ನೆಯೂ ಅವರ ಜೊತೆಗೇ ಹೋಗ್ತದೆ. ಹೊಸಬರು ಬಂದಾಗ ನಮ್ಮ ನಿವೇದನೆ ಮತ್ತೆ ಮೊದಲಿನಿಂದ. ಅದೇ ಶಾಲು, ಅದೇ ಗುಚ್ಛ, ಅದೇ ಫೋಟೋ. ನಮ್ಮ ಪುಟದಲ್ಲೇ ಹಳೇ ಫೋಟೋ ತೆಗೆದು ನೋಡ್ರಿ, ಶಾಲು ಹೊದಿಸುವ ಕೈಗಳು ಅವೇ, ಹೊದೆಯುವ ಹೆಗಲು ಬೇರೆ ಬೇರೆ.

ಇನ್ನು ಸಾಳಿ ಒಳಗಿನ ಕುರ್ಚಿ. ಮುಖ್ಯಾಧ್ಯಾಪಕರ ಹುದ್ದೆ.

ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಲೆಕ್ಕ ಇದೆ. ಒಂದರಿಂದ ಐದನೇ ತರಗತಿಯ ಸಾಳಿಯಲ್ಲಿ 150ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮುಖ್ಯಾಧ್ಯಾಪಕರು, ಆರರಿಂದ ಎಂಟರಲ್ಲಿ 100ಕ್ಕಿಂತ ಹೆಚ್ಚಿದ್ದರೆ ಪೂರ್ಣಾವಧಿ ಮುಖ್ಯಾಧ್ಯಾಪಕರು. ಗಡಿ ಭಾಗದ ಎಷ್ಟು ಕನ್ನಡ ಸಾಳಿಗಳಲ್ಲಿ 150 ಮಕ್ಕಳಿದ್ದಾರೆ ಅನ್ನೋದನ್ನ ನೀವೇ ನಿಮ್ಮ ಊರ ಲೆಕ್ಕ ಹಾಕಿರಿ. ಇಲ್ಲದ ಕಡೆ ಇದ್ದವರಲ್ಲೇ ಹಿರಿಯ ಗುರುಗಳು ಪ್ರಭಾರಿ. ವರ್ಗವನ್ನೂ ಕಲಿಸಬೇಕು, ಬಿಸಿಯೂಟದ ಅಕ್ಕಿ ತೂಗಬೇಕು, ಆನ್‌ಲೈನ್ ಮಾಹಿತಿ ತುಂಬಬೇಕು, ಕೇಂದ್ರಪ್ರಮುಖರ ಮೀಟಿಂಗಿಗೂ ಹೋಗಬೇಕು. ಪ್ರಭಾರ ಅಂದರೆ ಹೊರೆ ಅಂತಲೇ ಅರ್ಥ ಅಲ್ಲೇನು? ಅದಕ್ಕೆ ತಕ್ಕ ಹುದ್ದೆಯೂ ಇಲ್ಲ, ಮಾತಿಗೆ ತೂಕವೂ ಇಲ್ಲ. 2017ರ ಫೆಬ್ರುವರಿ 27ರ ಶಾಸನ ನಿರ್ಣಯದಿಂದ ಜಿಲ್ಲಾ ಪರಿಷತ್ತಿನ ಶಿಕ್ಷಕರ ಬದಲಿ ಆನ್‌ಲೈನ್ ಆಯ್ತು. ವಶೀಲಿ ಕಡಿಮೆ ಆಯ್ತು, ಅದು ಒಳ್ಳೇದೇ. ಆದರೆ ಮರಾಠಿ ಸಾಳಿಯ ಗುರುಗಳು ಹೋದರೆ ಸುತ್ತಲಿನ ಯಾವ ಸಾಳಿಯಿಂದಲಾದರೂ ಇನ್ನೊಬ್ಬರು ಬರ್ತಾರೆ. ಕನ್ನಡ ಸಾಳಿಯಿಂದ ಒಬ್ಬರು ಎದ್ದರೆ ಆ ಜಾಗಕ್ಕೆ ಬರಬಲ್ಲವರು ಜಿಲ್ಲೆಯಲ್ಲೇ ಎಣಿಕೆ ಮಂದಿ. ಜತ್ತ ತಾಲೂಕಿನಲ್ಲಿ 2024ರಲ್ಲಿ ಕನ್ನಡ ಸಾಳಿಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನ ಹಾಕಿದ್ದಾರೆ ಅಂತ ಗದ್ದಲ ಆಯ್ತಲ್ಲ, ಅದನ್ನ ಕೇಳಿ ನಾವೆಲ್ಲ ಸಿಟ್ಟಾದೆವು, ಬರೆದೆವು. ಕಾಸರಗೋಡಿನ ಬಂಧುಗಳಿಗೆ ಇದು ಹಳೇ ಕಥೆ, ಅಲ್ಲಿ ಮಲಯಾಳಂ ಶಿಕ್ಷಕರು ಕನ್ನಡ ತರಗತಿಗೆ ಬಂದಾಗ ಮಕ್ಕಳೂ ಪಾಲಕರೂ ಸಾಳಿ ಬಾಗಿಲಲ್ಲೇ ಕೂತಿದ್ದುಂಟು. ಆ ಹೊತ್ತಿಗೆ ನನಗೆ ಬಂದ ಪ್ರಶ್ನೆ ಒಂದೇ: ಆ ಸಾಳಿಗೆ ಕನ್ನಡ ಬಲ್ಲ ಗುರುಗಳೇ ಬೇಕು ಅಂತ ಸಾಳಿಯ ಸಮಿತಿ ಕಾಗದದ ಮೇಲೆ ಮೊದಲೇ ಬರೆದು ಕಳಿಸಿತ್ತೇ? ಕಳಿಸಿದ್ದರೆ ಅದರ ಒಂದು ಪ್ರತಿ ಯಾರ ಮನೆಯ ಕಪಾಟಿನಲ್ಲಿದೆ?

ಇಲ್ಲಿಗೆ ನಾನು ಹೇಳಬೇಕಾದ ಮುಖ್ಯ ಮಾತು ಬಂತು. ಶಾಲಾ ವ್ಯವಸ್ಥಾಪನ ಸಮಿತಿ.

2009ರ ಕಾಯ್ದೆಯ 21ನೇ ಕಲಮು. ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು, ಒಟ್ಟು ಅರ್ಧ ಹೆಣ್ಣುಮಕ್ಕಳಿರಬೇಕು. ಮಹಾರಾಷ್ಟ್ರದಲ್ಲಿ 12ರಿಂದ 16 ಮಂದಿಯ ಸಮಿತಿ, ಪಾಲಕರಲ್ಲೇ ಒಬ್ಬರು ಅಧ್ಯಕ್ಷರು, ಮುಖ್ಯಾಧ್ಯಾಪಕರು ಕಾರ್ಯದರ್ಶಿ. ಸ್ಥಳೀಯ ಪ್ರಾಧಿಕಾರದ ಒಬ್ಬ ಚುನಾಯಿತ ಸದಸ್ಯ, ಒಬ್ಬ ಶಿಕ್ಷಕ, ಒಬ್ಬ ಶಿಕ್ಷಣ ಬಲ್ಲ ಸ್ಥಳೀಯರು. ಚುನಾಯಿತರೇ ಇಲ್ಲದ ವರ್ಷಗಳಲ್ಲಿ ಆ ಒಂದು ಖುರ್ಚಿಯೂ ಖಾಲಿಯೇ. ಕಲಮು 22 ಪ್ರಕಾರ ಸಾಳಿಯ ವಿಕಾಸ ಯೋಜನೆ ತಯಾರು ಮಾಡೋದು ಈ ಸಮಿತಿ. ಎಷ್ಟು ಮಕ್ಕಳು ಬರ್ತಾರೆ, ಇನ್ನೂ ಎಷ್ಟು ಶಿಕ್ಷಕರು ಬೇಕು, ಕೋಣೆ ಎಷ್ಟು, ರೊಕ್ಕ ಎಷ್ಟು, ಎಲ್ಲ ಅದರಲ್ಲಿ ಬರಬೇಕು. ಅಧ್ಯಕ್ಷರು ಸಹಿ ಮಾಡಿ ಆರ್ಥಿಕ ವರ್ಷ ಮುಗಿಯೋದರೊಳಗೆ ಸ್ಥಳೀಯ ಪ್ರಾಧಿಕಾರಕ್ಕೆ ಕೊಡಬೇಕು.

ಈಗ ಒಂದು ಸೋಜಿಗ ನೋಡ್ರಿ. 2010ರ ಕೇಂದ್ರ ನಿಯಮಗಳಲ್ಲಿ ಯೋಜನೆ ಮೂರು ವರ್ಷದ್ದು. ಸಮಿತಿ ಎರಡು ವರ್ಷಕ್ಕೊಮ್ಮೆ ಹೊಸದು. ಯೋಜನೆ ಬರೆದವರು ಅದು ಮುಗಿಯೋದನ್ನ ನೋಡಲು ಇರೋದಿಲ್ಲ. ಬದಲಾಗಲಿ, ಬೇಡ ಅನ್ನೋದಿಲ್ಲ, ಪಾಲಕರು ಬದಲಾದಂತೆ ಸಮಿತಿಯೂ ಬದಲಾಗಬೇಕು. ಆದರೆ ಬ್ಯಾಂಕಿನಲ್ಲಿ ಒಬ್ಬ ಕ್ಯಾಶಿಯರ್ ಇನ್ನೊಬ್ಬನಿಗೆ ಕೀಲಿ ಕೊಡುವಾಗ ನೋಟು ಎಣಿಸಿ, ಪುಸ್ತಕದಲ್ಲಿ ಬರೆದು, ಇಬ್ಬರೂ ಸಹಿ ಹಾಕ್ತಾರೆ. ಸಾಳಿಯಲ್ಲಿ ಅದಿಲ್ಲ. ಹಳೇ ಅಧ್ಯಕ್ಷರ ತಲೆಯಲ್ಲಿ ಇದ್ದದ್ದು ಅವರ ಜೊತೆಗೇ ಹೊಲಕ್ಕೆ ಹೋಗ್ತದೆ.

ಆ ಗುರುಗಳ ಸಾಳಿಗೆ ತಿರುಗಿ ಹೋದ ಅನುದಾನ ಎಷ್ಟು ಗೊತ್ತೇ? ಸಮಗ್ರ ಶಿಕ್ಷಾ ಲೆಕ್ಕದಲ್ಲಿ 31ರಿಂದ 100 ಮಕ್ಕಳಿದ್ದ ಸಾಳಿಗೆ ವರ್ಷಕ್ಕೆ 25,000 ರೂಪಾಯಿ, 30ಕ್ಕಿಂತ ಕಡಿಮೆ ಇದ್ದರೆ 10,000. ನಮ್ಮಲ್ಲಿ ಒಂದು ಮದುವೆ ಶಾಮಿಯಾನಕ್ಕೆ ಇದಕ್ಕಿಂತ ಹೆಚ್ಚು ಖರ್ಚಾಗ್ತದೆ. ಆದರೆ ಬಾಗಿಲಿಲ್ಲದ ಶೌಚಾಲಯಕ್ಕೆ ಐದನೇ ಇಯತ್ತೆಯ ಹುಡುಗಿ ಹೋಗೋದಿಲ್ಲ, ಮಧ್ಯಾಹ್ನ ಮನೆಗೆ ಹೋದವಳು ತಿರುಗಿ ಬರೋದಿಲ್ಲ. ಹಾಜರಿ ಇಳೀತದೆ, ಪಟ ಇಳೀತದೆ. 2023ರಲ್ಲಿ 20ಕ್ಕಿಂತ ಕಡಿಮೆ ಮಕ್ಕಳಿರೋ ಸಾಳಿಗಳನ್ನ ಸಮೂಹ ಶಾಲೆಗೆ ಸೇರಿಸೋ ಮಾತು ಸರ್ಕಾರದಲ್ಲಿ ಬಂದಾಗ ನಾವೆಲ್ಲ "ಕನ್ನಡ ಸಾಳಿ ಮುಚ್ಚುವ ಸಂಚು" ಅಂತ ಬರೆದೆವು. ಸಂಚು ಇರಲಿ, ಇಲ್ಲದಿರಲಿ, ಆ ಬಾಗಿಲು ಹಾಕಿಸದೆ ಬಿಟ್ಟದ್ದು ಮುಂಬೈಯವರಲ್ಲ.

ಸಮಿತಿಗೆ ಜನ ಯಾಕೆ ಬರೋದಿಲ್ಲ ಅನ್ನೋದೂ ನನಗೆ ಗೊತ್ತು, ಯಾಕಂದರೆ ನಾನೂ ಹೋಗಿಲ್ಲ. ನನ್ನ ಮಗಳು ಎರಡನೇ ಇಯತ್ತೆ. ಪಾಲಕ ಸಭೆಗೆ ಚೀಟಿ ಬಂದಿತ್ತು, ಮಧ್ಯಾಹ್ನ 12 ಗಂಟೆಗೆ. ಬ್ಯಾಂಕಿನ ಗಿರಾಕಿ ವೇಳೆ. ಮನೆಯವಳಿಗೆ "ನೀನ ಹೋಗಿ ಬಾ" ಅಂದೆ. ಅವಳು ಹೋದಳು, ರಿಜಿಸ್ಟರಿನಲ್ಲಿ ಸಹಿ ಮಾಡಿಸಿಕೊಂಡರು, ಚಹಾ ಕೊಟ್ಟರು, ಸಮಿತಿ ಆಯ್ತು ಅಂದರು. ಯಾರು ಯಾರು ಅಂತ ಅವಳಿಗೂ ಗೊತ್ತಾಗಲಿಲ್ಲ. ಹುಪರಿಯಲ್ಲಿ ಮನೆ ಮನೆಯಲ್ಲಿ ಹೆಣ್ಣುಮಕ್ಕಳು ಪೈಂಜಣಕ್ಕೆ ಗೆಜ್ಜೆ ಜೋಡಿಸ್ತಾ ಕೂಡ್ತಾರೆ, ತೂಕದ ಮೇಲೆ ಮಜೂರಿ. ಎರಡು ತಾಸು ಸಾಳಿಯಲ್ಲಿ ಕೂತರೆ ಎರಡು ತಾಸಿನ ಮಜೂರಿ ಹೋಯ್ತು. ಅಂಥವರನ್ನೇ ಅರ್ಧ ಸಮಿತಿಯಲ್ಲಿ ಇರ್ರಿ ಅಂತ ಕಾಯ್ದೆ ಹೇಳ್ತದೆ, ಸಭೆಯನ್ನ ಮಾತ್ರ ಅವರ ದುಡಿಮೆ ವೇಳೆಗೇ ಇಡ್ತಾರೆ. ಸಂಜೆ ಇಟ್ಟರೆ ಗುರುಗಳು ದೂರದ ಊರಿಗೆ ಗಾಡಿ ಹಿಡೀಬೇಕು. ಇದಕ್ಕೆ ಸುಲಭದ ಉತ್ತರ ನನ್ನ ಹತ್ತಿರ ಇಲ್ಲ. ತಿಂಗಳಿಗೊಮ್ಮೆ ಸಭೆ ಅಂತ ನಿಯಮ ಇದೆ. ಅದರಲ್ಲಿ ಎರಡು ತಿಂಗಳಿಗೊಮ್ಮೆಯಾದರೂ ರವಿವಾರ ಇಟ್ಟರೆ ನನ್ನಂಥವರ ನೆಪವಾದರೂ ತಪ್ಪೀತು.

ಇನ್ನೊಂದು ವಿಷಯ, ಮರಾಠಿ ಮಾಧ್ಯಮ ಸಾಳಿಯಲ್ಲಿರೋ ಕನ್ನಡ ಮನೆಯ ಮಕ್ಕಳದು. ನಮ್ಮಲ್ಲಿ ಬಹಳ ಮಕ್ಕಳು ಅವರೇ. ಮನ್ಯಾಗ ಕನ್ನಡ, ಓಣ್ಯಾಗ ಮರಾಠಿ, ಸಾಳ್ಯಾಗ ಮರಾಠಿ. ಇವರ ಹೆಸರು ಹೇಳುವವರು ಯಾವ ಸಮಿತಿಯಲ್ಲೂ ಇಲ್ಲ. ಕಾಯ್ದೆಯ 2ನೇ ಕಲಮು ತೆಗೆದು ಓದಿರಿ. ವಂಚಿತ ಗುಂಪಿನ ಮಗು ಅಂದರೆ ಯಾರು ಅಂತ ಹೇಳುವಲ್ಲಿ ಜಾತಿ, ಪಂಗಡದ ಜೊತೆ ಸಾಮಾಜಿಕ, ಸಾಂಸ್ಕೃತಿಕ, ಆರ್ಥಿಕ, ಭೌಗೋಳಿಕ ಕಾರಣ ಅಂತ ಪಟ್ಟಿ ಇದೆ, ಆ ಪಟ್ಟಿಯಲ್ಲಿ ಭಾಷೆ ಅನ್ನೋ ಕಾರಣವೂ ಇದೆ. ರಾಜ್ಯ ಸರ್ಕಾರ ಅಧಿಸೂಚನೆಯಲ್ಲಿ ಅಂಥ ಗುಂಪನ್ನ ಹೆಸರಿಸಬೇಕು ಅನ್ನೋ ಷರತ್ತು ಕೂಡ ಇದೆ. ವಂಚಿತ ಗುಂಪಿನ ಪಾಲಕರಿಗೆ ಸಮಿತಿಯಲ್ಲಿ ಅವರ ಪ್ರಮಾಣಕ್ಕೆ ತಕ್ಕ ಜಾಗ ಕೊಡಬೇಕು ಅಂತ 21ನೇ ಕಲಮು ಹೇಳ್ತದೆ. ಇವೆರಡನ್ನ ಜೋಡಿಸಿ ಒಂದು ನಿವೇದನೆ ಮಾಡೋಣ. ಗಡಿ ತಾಲೂಕುಗಳ ಭಾಷಾ ಅಲ್ಪಸಂಖ್ಯಾತ ಮಕ್ಕಳನ್ನ ಆ ಅಧಿಸೂಚನೆಯೊಳಗೆ ತರ್ರಿ ಅಂತ. ಇಷ್ಟು ದಿನ ನಮ್ಮ ನಿವೇದನೆಗಳಲ್ಲಿ ಈ ಬೇಡಿಕೆ ನಾನು ನೋಡಿಲ್ಲ. ಒಂದು ಸಾಳಿಯಲ್ಲಿ 40 ಅಥವಾ ಒಂದು ವರ್ಗದಲ್ಲಿ 10 ಮಕ್ಕಳಿದ್ದರೆ ತಾಯಿಭಾಷೆಯಲ್ಲಿ ಕಲಿಸುವ ವ್ಯವಸ್ಥೆ ಆಗಬೇಕು ಅನ್ನೋದು 1949ರಲ್ಲೇ ಪ್ರಾಂತಗಳ ಶಿಕ್ಷಣ ಮಂತ್ರಿಗಳು ಒಪ್ಪಿದ ಸೂತ್ರ. ಆ 10, ಆ 40 ಎಣಿಸೋದು ಯಾರು? ಪ್ರವೇಶ ಅರ್ಜಿಯಲ್ಲಿ ತಾಯಿಭಾಷೆ ಅನ್ನೋ ಕೋಷ್ಟಕ ಇರ್ತದೆ. ಅಲ್ಲಿ ನಾವೇ "ಮರಾಠಿ" ಅಂತ ಬರೆಸಿ ಬರ್ತೀವಿ, ಗುರುಗಳು ಕೇಳೋದೂ ಇಲ್ಲ, ನಾವು ಹೇಳೋದೂ ಇಲ್ಲ. ನನ್ನ ಮಗಳ ಅರ್ಜಿಯಲ್ಲಿ ಏನಿದೆ ಅಂತ ಈ ಲೇಖನ ಬರೆಯೋವಾಗ ತೆಗೆದು ನೋಡಿದೆ. ನಾಚಿಕೆ ಆಯ್ತು, ಇಷ್ಟು ಸಾಕು.

ನಮ್ಮದೇ ಜನ ಕಟ್ಟಿದ ಅನುದಾನಿತ ಸಂಸ್ಥೆಗಳ ಬಗ್ಗೆ ಹೇಳದಿದ್ದರೆ ಅನ್ಯಾಯ ಆಗ್ತದೆ. ಸರ್ಕಾರವನ್ನಷ್ಟೇ ಬೈದು ಕೂಡೋದು ಸರಿಯಲ್ಲ. ಟ್ರಸ್ಟಿನ ವಿಶ್ವಸ್ತರು ಬದಲಾದರೆ 90 ದಿನದಲ್ಲಿ ಧರ್ಮಾದಾಯ ಕಚೇರಿಗೆ ಬದಲಿ ಅರ್ಜಿ ಕೊಡಬೇಕು, 1950ರ ಕಾಯ್ದೆ. ಎರಡು ಗುಂಪು, ಎರಡು ಅರ್ಜಿ, ಖಟ್ಲೆ, ಖಾತೆ ಮೇಲೆ ತಕರಾರು. ಇಂಥ ಫೈಲು ನನ್ನ ಮೇಜಿನ ಮೇಲೂ ಬಂದಿದೆ. ಎರಡೂ ಗುಂಪಿನವರು ನನಗೆ ಕನ್ನಡದಲ್ಲೇ ಬೈದು ಹೋದರು. ಕನ್ನಡದ ಉದ್ಧಾರಕ್ಕೆ ಕಟ್ಟಿದ ಸಂಸ್ಥೆಯ ಶಿಕ್ಷಕರು ಆ ಹೊತ್ತಿಗೆ ಸಂಬಳದ ಬಿಲ್ಲಿಗೆ ಸಹಿ ಹಾಕುವವರು ಯಾರು ಅಂತ ಹೊರಗೆ ನಿಂತಿದ್ದರು.

ಈಗ ಚುನಾವಣೆ ಮುಗಿದಿದೆ. ಹೊಸ ನಗರಸೇವಕರಿಗೆ ಹಾರ ತುರಾಯಿ ಆಗಿದೆ, ನಾವೂ ಹಾಕಿದ್ದೇವೆ. ನಗರಪರಿಷತ್ತಿನಲ್ಲಿ ಶಿಕ್ಷಣ, ಕ್ರೀಡೆ, ಸಾಂಸ್ಕೃತಿಕ ವಿಷಯಕ್ಕೆ ಒಂದು ಸಮಿತಿ ಇರ್ತದೆ. ಅದರ ಸಭಾಪತಿ ಯಾರು ಅಂತ ಹುಡುಕಿ ಹೋಗ್ರಿ. "ಸಾಳಿ ನಮ್ಮ ಕೈಯಲ್ಲಿಲ್ಲ" ಅಂತ ಅವರು ಹೇಳಿಯೇ ಹೇಳ್ತಾರೆ. ಹೇಳಲಿ. ಹಂಗಾದರೆ ಜಿಲ್ಲಾ ಪರಿಷತ್ತಿಗೆ ನಿಮ್ಮ ಒಂದು ಠರಾವು ಕಳಿಸ್ರಿ ಅಂತ ಕೇಳ್ರಿ. ಠರಾವಿಗೆ ನಂಬರು ಬೀಳ್ತದೆ, ತಾರೀಖು ಬೀಳ್ತದೆ. ಶಾಲಿಗೆ ನಂಬರು ಇಲ್ಲ. ಪ್ರತಿ ಸಾಳಿಯ ಸಮಿತಿಗೆ ಸ್ಥಳೀಯ ಸದಸ್ಯರನ್ನ ಕೊಡೋ ಹೊತ್ತಿನಲ್ಲಿ ಕನ್ನಡ ಬಲ್ಲವರನ್ನ ಕನ್ನಡ ಮಕ್ಕಳಿರುವ ಸಾಳಿಗೆ ಕೊಡ್ರಿ ಅಂತಲೂ ಕೇಳ್ರಿ. ಮರಾಠಿ ಪಾಲಕರನ್ನೂ ಜೊತೆಗೆ ಕರಕೊಂಡು ಹೋಗ್ರಿ. ಬಾಗಿಲಿಲ್ಲದ ಶೌಚಾಲಯ ಅವರ ಮಕ್ಕಳಿಗೂ ಅದೇ, ಮಾರ್ಚ್ 31 ಅವರಿಗೂ ಅದೇ. ನನ್ನ ಕೌಂಟರಿನಿಂದ ಕಾಗದ ತಿರುಗಿ ಹೋದ ಸಾಳಿಗಳಲ್ಲಿ ಮರಾಠಿ ಸಾಳಿಗಳೂ ಇದ್ದವು.

ಸಮಿತಿ ಸಭೆಯ ನಡಾವಳಿ ಸಾರ್ವಜನಿಕರಿಗೆ ತೋರಿಸಬೇಕು ಅಂತ ಕೇಂದ್ರ ನಿಯಮದಲ್ಲೇ ಬರೆದಿದೆ. ಮಾಹಿತಿ ಹಕ್ಕಿನ ಅರ್ಜಿ ಕೂಡ ಬೇಡ, ಹೋಗಿ ಕೇಳಿದರೆ ಸಾಕು. ಹೋದವರು ಮೂರು ವಿಷಯ ನೋಡಿಕೊಂಡು ಬರ್ರಿ. ಈಗಿನ ಸಮಿತಿ ಯಾವ ತಾರೀಖಿಗೆ ಆಗಿದೆ. ಅಧ್ಯಕ್ಷರ ಮಗು ಈಗಲೂ ಆ ಸಾಳಿಯಲ್ಲೇ ಇದೆಯೇ. ಬ್ಯಾಂಕಿನ ದಾಖಲೆಯಲ್ಲಿ ಈಗಿನವರ ಸಹಿ ಇದೆಯೇ. ಮೂರನೆಯದು ಇಲ್ಲ ಅಂದರೆ ಫೆಬ್ರುವರಿ ತನಕ ಕಾಯಬೇಡ್ರಿ. ಸಭೆಯ ಠರಾವಿನ ಪ್ರತಿ, ಹಳೇ ಮತ್ತು ಹೊಸ ಸಹಿದಾರರ ಹೆಸರು, ಹೊಸಬರ ಆಧಾರ್, ಪ್ಯಾನ್, ಫೋಟೋ, ಮೊಬೈಲ್ ನಂಬರು, ಮುಖ್ಯಾಧ್ಯಾಪಕರ ಹಾಜರಾತಿ ಆದೇಶದ ಪ್ರತಿ, ಇಷ್ಟು ತಗೊಂಡು ನಿಮ್ಮ ಸಾಳಿಯ ಖಾತೆ ಇರೋ ಬ್ಯಾಂಕಿಗೆ ಹೋಗ್ರಿ. ಗಿರಾಕಿ ಕಡಿಮೆ ಇರೋದು ತಿಂಗಳ ಮಧ್ಯದ ವಾರ, ಮಧ್ಯಾಹ್ನ ಮೂರರ ನಂತರ. ಠರಾವು ಹೆಂಗ ಬರೀಬೇಕು ಅಂತ ಗೊತ್ತಾಗದಿದ್ದರೆ ಪುಟಕ್ಕೆ ಒಂದು ಸಂದೇಶ ಹಾಕ್ರಿ, ನಮೂನೆ ಕನ್ನಡದಲ್ಲೂ ಮರಾಠಿಯಲ್ಲೂ ಬರೆದು ಕಳಿಸ್ತೀನಿ.

ನನ್ನ ಮಗಳ ಸಾಳಿಯ ಮುಂದಿನ ಪಾಲಕ ಸಭೆಗೆ ಅರ್ಧ ದಿನದ ರಜೆ ಅರ್ಜಿ ಕೊಟ್ಟಿದ್ದೇನೆ. ಮ್ಯಾನೇಜರ್ ಇನ್ನೂ ಸಹಿ ಹಾಕಿಲ್ಲ.